ಗೆಲುವಿಗಾಗಿ ಬೇಡುವುದನ್ನು ಬಿಟ್ಟ ಮೇಲೆ

2022ರ ಮೇ 19ರ ರಾತ್ರಿ ನಾನು ದೇವರೊಂದಿಗೆ ಚೌಕಾಸಿಗೆ ಇಳಿದೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ನನ್ನ ಮೆಚ್ಚಿನ ಫುಟ್‌ಬಾಲ್ ತಂಡವಾದ ಎವರ್ಟನ್, ಕ್ರಿಸ್ಟಲ್ ಪ್ಯಾಲೆಸ್ ಎದುರು ವಿರಾಮದ ಹೊತ್ತಿಗೆ ಎರಡು ಗೋಲುಗಳಿಂದ ಹಿಂದಿತ್ತು. 1954ರಿಂದ ಒಂದು ವರ್ಷವೂ ತಪ್ಪದೆ ಮೇಲಿನ ದರ್ಜೆಯಲ್ಲಿ ಆಡಿಕೊಂಡು ಬಂದಿದ್ದ ಕ್ಲಬ್ಬು ಕೆಳಗಿನ ದರ್ಜೆಗೆ ಜಾರುವ ಅಂಚಿನಲ್ಲಿ ನಿಂತಿತ್ತು. ಮನೆಯವರೆಲ್ಲ ಮಲಗಿದ್ದುದರಿಂದ ಟಿವಿಯ ಧ್ವನಿಯನ್ನು ಪೂರ್ತಿ ಇಳಿಸಿ ಕುಳಿತಿದ್ದ ನಾನು, ಆ ಹದಿನೈದು ನಿಮಿಷಗಳ ವಿರಾಮದಲ್ಲಿ ಕಣ್ಣು ಮುಚ್ಚಿ, ಈ ಒಂದು ಪಂದ್ಯವನ್ನು ಗೆಲ್ಲಿಸಿಕೊಟ್ಟರೆ ವರ್ಷವಿಡೀ ಒಂದು ವಾರವೂ ತಪ್ಪಿಸದೆ ಬುಧವಾರದ ಪ್ರಾರ್ಥನಾ ಕೂಟಕ್ಕೆ ಹೋಗುತ್ತೇನೆಂದು ಹರಕೆ ಹೊತ್ತೆ. 54ನೆಯ ನಿಮಿಷದಲ್ಲಿ ಕೀನ್, 75ರಲ್ಲಿ ರಿಚಾರ್ಲಿಸನ್, 85ರಲ್ಲಿ ಕ್ಯಾಲ್ವರ್ಟ್-ಲೂವಿನ್ ಗೋಲು ಹೊಡೆದರು. ತಂಡ 3–2ರಿಂದ ಗೆದ್ದು ತನ್ನ ದರ್ಜೆಯನ್ನು ಉಳಿಸಿಕೊಂಡಿತು.

ಬುಧವಾರದ ಕೂಟಕ್ಕೆ ನಾನು ಆರು ವಾರ ಹೋದೆ. ಏಳನೆಯ ವಾರ ಜ್ವರವಿತ್ತು, ಎಂಟನೆಯ ವಾರ ಕೆಲಸವಿತ್ತು, ಒಂಬತ್ತನೆಯ ವಾರಕ್ಕೆ ಯಾವ ನೆವವೂ ಬೇಕಾಗಲಿಲ್ಲ. ಹೊಸ ಋತು ಆರಂಭವಾಗಿ ತಂಡ ಮತ್ತೆ ಸೋಲತೊಡಗಿದಾಗ, ತೀರಿಸದ ಹರಕೆಯ ಶಿಕ್ಷೆಯೇ ಇದು ಎಂಬ ಯೋಚನೆ ತಲೆಯೊಳಗೆ ಹೊಕ್ಕಿತು. ನನ್ನ ಒಂದು ಬುಧವಾರದ ಸೋಮಾರಿತನಕ್ಕಾಗಿ ದೇವರು ಇಂಗ್ಲೆಂಡಿನ ಹನ್ನೊಂದು ಆಟಗಾರರನ್ನು ದಂಡಿಸುತ್ತಿದ್ದಾನೆಂದು ನಂಬುವಷ್ಟು ಅಹಂಕಾರ ಒಬ್ಬ ಸಾಧಾರಣ ವಿಶ್ವಾಸಿಯೊಳಗೆ ಇರಬಲ್ಲದು ಎಂಬುದು ಇಂದು ನೆನೆದರೆ ನಗು ಬರುತ್ತದೆ, ಆಗ ಬಂದಿರಲಿಲ್ಲ. ನಮ್ಮ ಸಭೆಗಳಲ್ಲಿ ಹರಕೆ ಹೊರುವುದನ್ನು ಅನ್ಯರ ರೂಢಿಯೆಂದು ಬೋಧಕರು ಖಂಡಿಸುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಗೆಲುವಿಗಾಗಿ ಹರಕೆ ಹೊತ್ತು ತನ್ನ ಮಗಳನ್ನೇ ಕಳೆದುಕೊಂಡ ಯೆಫ್ತಾಹನ ಕಥೆಯನ್ನು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟವನೂ ನಾನೇ.

ತಂಡವನ್ನು ಆರಿಸಿಕೊಂಡದ್ದು ನಂಬಿಕೆಯ ಕಾರಣದಿಂದಲ್ಲ. 2002ರ ಅಕ್ಟೋಬರ್ 19ರಂದು ಇನ್ನೂ ಹದಿನೇಳು ತುಂಬದ ವೇಯ್ನ್ ರೂನಿ ಎಂಬ ಹುಡುಗ ಆರ್ಸೆನಲ್ ವಿರುದ್ಧ ಕೊನೆಯ ನಿಮಿಷದಲ್ಲಿ ದೂರದಿಂದ ಹೊಡೆದ ಚೆಂಡು ಅಡ್ಡಪಟ್ಟಿಯ ಕೆಳಗೆ ಬಡಿದು ಒಳಗೆ ಬಿದ್ದು, 30 ಲೀಗ್ ಪಂದ್ಯಗಳಲ್ಲಿ ಸೋಲದೆ ಬಂದಿದ್ದ ತಂಡವನ್ನು ಕೆಡವಿತು. ಆ ಒಂದು ಹೊಡೆತಕ್ಕೆ ಮನಸ್ಸು ಸೋತು ನಾನು ಎವರ್ಟನ್ ಕಡೆಯವನಾದೆ. ಎರಡು ವರ್ಷಗಳೊಳಗೆ ಆ ಹುಡುಗ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ, ನಾನು ಉಳಿದೆ. ಕ್ಲಬ್ಬಿನ ಹುಟ್ಟು ಒಂದು ಚರ್ಚಿನಲ್ಲಿ ಆಯಿತೆಂಬುದನ್ನು ತಿಳಿದದ್ದು ಬಹಳ ತಡವಾಗಿ. ಸೇಂಟ್ ಡೊಮಿಂಗೊ ಎಂಬ ಮೆಥಡಿಸ್ಟ್ ಚರ್ಚಿನ ಯುವಕರಿಗೆ ಬೇಸಗೆಯಲ್ಲಿ ಕ್ರಿಕೆಟ್ ಇತ್ತು, ಚಳಿಗಾಲದಲ್ಲಿ ಆಡಲು ಏನೂ ಇರಲಿಲ್ಲ. ಅದಕ್ಕಾಗಿ 1878ರಲ್ಲಿ ಫುಟ್‌ಬಾಲ್ ತಂಡ ಕಟ್ಟಿದರು, ಮರುವರ್ಷ ಚರ್ಚಿನ ಹೊರಗಿನವರೂ ಆಡಬಯಸಿದ್ದರಿಂದ ಆ ಬಡಾವಣೆಯ ಹೆಸರನ್ನೇ ಇಟ್ಟುಕೊಂಡರು. ಆಸ್ಟನ್ ವಿಲ್ಲಾ, ಮ್ಯಾಂಚೆಸ್ಟರ್ ಸಿಟಿ, ಫುಲ್‌ಹ್ಯಾಮ್, ಬೋಲ್ಟನ್, ಸೌತಾಂಪ್ಟನ್ ಕ್ಲಬ್ಬುಗಳ ಬೇರು ಕೂಡ ಚರ್ಚುಗಳಲ್ಲೇ ಇದೆ. ಇದನ್ನು ತಿಳಿದಾಗ ನನಗೆ ಆದ ಸಂತೋಷದಲ್ಲಿ ಒಂದು ಮೋಸವಿತ್ತು: ನನ್ನ ಚಟಕ್ಕೆ ಆಶೀರ್ವಾದದ ಮುದ್ರೆ ಸಿಕ್ಕಿತೆಂದು ಭಾವಿಸಿ, ಶನಿವಾರ ತಡರಾತ್ರಿಯವರೆಗೆ ಆಟ ನೋಡಿ ಭಾನುವಾರದ ಆರಾಧನೆಯಲ್ಲಿ ತೂಕಡಿಸಿದಾಗಲೆಲ್ಲ ಆ ಸೇಂಟ್ ಡೊಮಿಂಗೊ ಯುವಕರನ್ನು ಸಾಕ್ಷಿಗೆ ಕರೆಯುತ್ತಿದ್ದೆ.

ಹರಕೆಯ ಮರುವರ್ಷ, 2023ರ ಫೆಬ್ರವರಿಯಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನ ನಲವತ್ತು ದಿನ ಫುಟ್‌ಬಾಲ್ ನೋಡುವುದಿಲ್ಲವೆಂದು ತೀರ್ಮಾನಿಸಿದೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಎಣಿಸಿದರೆ ನಲವತ್ತಾರು ದಿನಗಳಾಗುತ್ತವೆ. ಭಾನುವಾರಗಳು ಪುನರುತ್ಥಾನದ ದಿನಗಳಾದ್ದರಿಂದ ಅವು ಉಪವಾಸದ ಲೆಕ್ಕಕ್ಕೆ ಬರುವುದಿಲ್ಲ. ಈ ನಿಯಮವನ್ನು ನಾನು ಎಷ್ಟು ಭಕ್ತಿಯಿಂದ ಪಾಲಿಸಿದೆನೆಂದರೆ, ಯಾವ ಪಂದ್ಯ ಭಾನುವಾರಕ್ಕೆ ಬೀಳುತ್ತದೆಂದು ವೇಳಾಪಟ್ಟಿಯನ್ನು ಮೊದಲೇ ಗುರುತು ಹಾಕಿಕೊಂಡಿದ್ದೆ. ಉಳಿದ ದಿನಗಳಲ್ಲಿ ಪಂದ್ಯ ನೋಡಲಿಲ್ಲ ಎಂಬುದು ನಿಜವಾದರೂ ಅಂಕಪಟ್ಟಿಯನ್ನು ದಿನಕ್ಕೆ ಹತ್ತು ಬಾರಿ ನೋಡುತ್ತಿದ್ದೆ, ಆಟಗಾರರ ಗಾಯದ ಸುದ್ದಿಗಳನ್ನು ಓದುತ್ತಿದ್ದೆ, ಆಟ ನೋಡದೆ ಉಳಿದ ಎರಡು ಗಂಟೆಗಳನ್ನು ಆಟದ ಬಗ್ಗೆ ಬೇರೆಯವರು ಬರೆದುದಕ್ಕೆ ಕೊಡುತ್ತಿದ್ದೆ.

ಪವಿತ್ರ ವಾರದ ಸೋಮವಾರ, ಏಪ್ರಿಲ್ 3ರಂದು, ಎವರ್ಟನ್‌ಗೆ ಟಾಟನ್‌ಹ್ಯಾಮ್ ಎದುರು ಪಂದ್ಯವಿತ್ತು. ಮಲಗಿದ್ದಲ್ಲೇ ಹೊದಿಕೆಯೊಳಗೆ ಫೋನ್ ಹಿಡಿದು ಅಂಕಿಗಳು ಬದಲಾಗುವುದನ್ನು ಕದ್ದು ನೋಡಿದೆ. ಅದು ರಂಜಾನ್ ತಿಂಗಳು. ಸೂರ್ಯಾಸ್ತದ ನಂತರ ಆಟ ಸ್ವಲ್ಪ ನಿಂತು, ಅಬ್ದುಲಾಯ್ ಡುಕುರೆ ಸೇರಿದಂತೆ ಎವರ್ಟನ್‌ನ ಮುಸ್ಲಿಂ ಆಟಗಾರರು ಗಂಟಲು ತೇವ ಮಾಡಿಕೊಂಡು ಅಂದಿನ ಉಪವಾಸವನ್ನು ಬಿಟ್ಟರೆಂಬುದನ್ನು ಮರುದಿನ ಓದಿದೆ. ಇಡೀ ಹಗಲು ನೀರೂ ಕುಡಿಯದೆ ಇದ್ದು, ಸಂಜೆ ಜಗತ್ತಿನ ಅತಿ ವೇಗದ ಲೀಗ್‌ಗಳಲ್ಲೊಂದರಲ್ಲಿ ಓಡಲು ಇಳಿದ ಮನುಷ್ಯ ತನ್ನ ಉಪವಾಸವನ್ನು ಎಲ್ಲರೆದುರು, ಸರಿಯಾದ ಹೊತ್ತಿಗೆ, ನಾಚಿಕೆಯಿಲ್ಲದೆ ಮುಗಿಸಿದ್ದ. ಆಟವನ್ನು ನೋಡುವುದಿಲ್ಲ ಎಂಬಷ್ಟು ಹಗುರವಾದ ಉಪವಾಸವನ್ನು ನಾನು ಹೊದಿಕೆಯಡಿ ಮುರಿದಿದ್ದೆ. ಅದೇ ಡುಕುರೆ ಅಂದು ಎದುರಾಳಿಯ ಮುಖವನ್ನು ತಳ್ಳಿ ಕೆಂಪು ಕಾರ್ಡ್ ಪಡೆದು ಹೊರನಡೆದನೆಂಬುದನ್ನೂ ಹೇಳಬೇಕು, ಇಲ್ಲವಾದರೆ ಇದು ಸಂತರ ಚರಿತ್ರೆಯಂತೆ ಕೇಳಿಸೀತು.

ಎಂಟು ವಾರಗಳ ನಂತರ, ಮೇ 28ರಂದು, ಋತುವಿನ ಕೊನೆಯ ದಿನ. ಅಂದು ಪೆಂತೆಕೋಸ್ತ್ ಭಾನುವಾರವೂ ಆಗಿತ್ತು. ಪವಿತ್ರಾತ್ಮನು ಬೆಂಕಿಯ ನಾಲಗೆಗಳಂತೆ ಇಳಿದು ಬಂದ ಭಾಗವನ್ನು ಸಭೆಯ ಮುಂದೆ ಓದುವ ಸರದಿ ಬೆಳಿಗ್ಗೆ ನನ್ನದೇ ಆಗಿತ್ತು. ಓದುವಾಗ ನನ್ನ ನಾಲಗೆಯ ಮೇಲೆ ಇದ್ದದ್ದು ಅಪೊಸ್ತಲರ ಕೃತ್ಯಗಳಾದರೂ ತಲೆಯಲ್ಲಿ ಇದ್ದದ್ದು ಲೆಸ್ಟರ್ ಮತ್ತು ಲೀಡ್ಸ್ ತಂಡಗಳ ಅಂಕಗಳು. ಎವರ್ಟನ್ ಬೋರ್ನ್‌ಮತ್ ತಂಡವನ್ನು ಸೋಲಿಸಿದರೆ ಉಳಿಯುತ್ತದೆ, ಇಲ್ಲವಾದರೆ ಬೇರೆಡೆಯ ಫಲಿತಾಂಶಕ್ಕೆ ಕಾಯಬೇಕು. 57ನೆಯ ನಿಮಿಷದಲ್ಲಿ ಪೆನಾಲ್ಟಿ ಪ್ರದೇಶದ ಅಂಚಿನಿಂದ ಡುಕುರೆ ಬಲಗಾಲಿನಿಂದ ಹೊಡೆದ ಚೆಂಡು ಬಲೆಗೆ ಸೇರಿತು. ಮುಂದಿನ ಮೂವತ್ತಮೂರು ನಿಮಿಷಗಳನ್ನೂ, ಅದರ ಮೇಲೆ ಸೇರಿಸಿದ ಹತ್ತು ನಿಮಿಷಗಳನ್ನೂ ನಾನು ಪ್ರಾರ್ಥನೆಯೆಂದು ಕರೆಯಬಹುದಾದ, ಆದರೆ ವಾಸ್ತವದಲ್ಲಿ ಒಂದೇ ಪದದ ಪುನರಾವರ್ತನೆಯಾಗಿದ್ದ ಗೊಣಗಾಟದಲ್ಲಿ ಕಳೆದೆ.

ಆ ನಡುವೆ ಪರದೆಯ ಮೇಲೆ ಕೆಲವು ಕ್ಷಣ ಲೆಸ್ಟರ್‌ನ ಮೈದಾನ ಬಂತು. ಅವರು ವೆಸ್ಟ್ ಹ್ಯಾಮ್ ವಿರುದ್ಧ ಗೆಲ್ಲುತ್ತಿದ್ದರು. ಎವರ್ಟನ್ ಒಂದು ಗೋಲು ಬಿಟ್ಟುಕೊಟ್ಟಿದ್ದರೆ ಅವರು ಉಳಿಯುತ್ತಿದ್ದರು. ಗ್ಯಾಲರಿಯಲ್ಲಿ ವಯಸ್ಸಾದ ಒಬ್ಬರು ಎರಡೂ ಕೈ ಜೋಡಿಸಿ ಗಲ್ಲಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು, ತುಟಿಗಳು ಅಲುಗುತ್ತಿದ್ದವು. ನಾನು ಕುಳಿತಿದ್ದ ಭಂಗಿಯೂ ಅದೇ. ನಾನು ಬೇಡುತ್ತಿದ್ದುದು ದೊರೆತರೆ ಅವರು ಬೇಡುತ್ತಿದ್ದುದು ದೊರೆಯುವುದಿಲ್ಲ ಎಂಬುದು ಲೆಕ್ಕದ ಮಾತು, ಹೊಸ ಸಂಗತಿಯೇನಲ್ಲ. ಹಿಂದಿನ ವರ್ಷ ನಾವು ಉಳಿದಾಗ ಬರ್ನ್‌ಲಿ ಇಳಿದಿತ್ತು, ಅಲ್ಲಿಯೂ ಯಾರೋ ಮೊಣಕಾಲೂರಿದ್ದಿರಬೇಕು. ಆದರೆ ತಿಳಿದಿರುವುದು ಬೇರೆ, ಆ ಮುಖವನ್ನು ಕಾಣುವುದು ಬೇರೆ. ಲೆಸ್ಟರ್ 2–1ರಿಂದ ಗೆದ್ದೂ ಕೆಳಗಿಳಿಯಿತು. ನಾವು 1–0ರಿಂದ ಉಳಿದೆವು. ನನ್ನ ಪೆಂತೆಕೋಸ್ತ್ ಪ್ರಾರ್ಥನೆಗೆ ಉತ್ತರ ದೊರೆತದ್ದೇ ಆದರೆ ಅದು ಬಂದದ್ದು ಒಬ್ಬ ಮುಸ್ಲಿಂ ಆಟಗಾರನ ಬಲಗಾಲಿನಿಂದ, ಅವನೂ ಪ್ರಾರ್ಥಿಸಿದ್ದಿರಬಹುದು. ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯ ಮೂಡಿಸುವ ತಂದೆಯೆಂದು ಮತ್ತಾಯನ ಸುವಾರ್ತೆ ಹೇಳುವ ದೇವರನ್ನು ನಾನು ಒಂದು ಕ್ಲಬ್ಬಿನ ಆಡಳಿತ ಮಂಡಳಿಗೆ ಸೇರಿಸಲು ಯತ್ನಿಸುತ್ತಿದ್ದೆ ಎಂಬುದು ಅಂದು ರಾತ್ರಿ ನಿದ್ದೆ ಬಾರದೆ ಹೊರಳುವಾಗ ಹೊಳೆಯಿತು. ಗೆಲುವಿಗಾಗಿ ಪ್ರಾರ್ಥಿಸುವುದನ್ನು ಅಂದಿನಿಂದ ಬಿಟ್ಟೆ.

ಬಿಟ್ಟೆ ಎಂದು ಒಂದೇ ಪದದಲ್ಲಿ ಹೇಳಿದರೂ ಅದು ಸುಲಭವಾಗಿ ಆಗಲಿಲ್ಲ. ಇಪ್ಪತ್ತು ವರ್ಷಗಳ ರೂಢಿಯಿಂದ, ಎದುರಾಳಿಗೆ ಕಾರ್ನರ್ ಸಿಕ್ಕ ಕೂಡಲೇ ತುಟಿ ತಾನಾಗಿ ಅಲುಗುತ್ತಿತ್ತು. ಬಾಯಿಯನ್ನು ಬರಿದಾಗಿ ಬಿಟ್ಟರೆ ಹಳೆಯದೇ ಬಂದು ತುಂಬಿಕೊಳ್ಳುತ್ತದೆಂದು ಗೊತ್ತಾದ ಮೇಲೆ, ಪಂದ್ಯ ಆರಂಭವಾಗುವ ಮೊದಲು ಒಮ್ಮೆ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿಕೊಂಡು, ಆಟದ ನಡುವೆ ಏನನ್ನೂ ಕೇಳುವುದಿಲ್ಲವೆಂಬ ಕ್ರಮ ಇಟ್ಟುಕೊಂಡೆ. 'ನಿನ್ನ ಚಿತ್ತವು ನೆರವೇರಲಿ' ಎಂಬಲ್ಲಿಗೆ ಬಂದಾಗ ಮನಸ್ಸು ಮೊದಮೊದಲು ಹೇಗಾದರೂ ನುಣುಚಿಕೊಂಡು 'ಅದು ನಮ್ಮ ಗೆಲುವಾಗಿರಲಿ' ಎಂದು ಸೇರಿಸುತ್ತಿತ್ತು. ಆಟಗಾರರಿಗೆ ದೊಡ್ಡ ಗಾಯಗಳಾಗದಿರಲಿ ಎಂಬ ಒಂದು ಬೇಡಿಕೆಯನ್ನು ಉಳಿಸಿಕೊಂಡೆ, ಅದು ಎರಡೂ ತಂಡಗಳಿಗೆ. ಎದುರು ತಂಡದ ಅತ್ಯುತ್ತಮ ಆಟಗಾರನ ವಿಷಯದಲ್ಲಿ ಇದು ಎಷ್ಟು ಕಷ್ಟದ ಪ್ರಾರ್ಥನೆಯೆಂಬುದನ್ನು ಯಾವ ಅಭಿಮಾನಿಗೂ ವಿವರಿಸಬೇಕಾಗಿಲ್ಲ.

ಇನ್ನೊಂದು ಕ್ರಮವೆಂದರೆ ಒಂದು ಪುಟ್ಟ ನೋಟ್‌ಬುಕ್. ಪಂದ್ಯಕ್ಕೆ ಮುಂಚೆ ಅದರಲ್ಲಿ ನನಗೆ ಬೇಕಾದದ್ದನ್ನು ಒಂದು ಸಾಲಿನಲ್ಲಿ ಬರೆಯುತ್ತೇನೆ. ಆಸೆಯನ್ನು ಮುಚ್ಚಿಡುವುದರಿಂದ ಅದು ಹೋಗುವುದಿಲ್ಲವಾದ್ದರಿಂದ ಕಾಗದದ ಮೇಲೆ ಇರಲಿ ಎಂಬುದು ಉದ್ದೇಶ. ಪಂದ್ಯ ಮುಗಿದು ಒಂದು ಗಂಟೆಯ ನಂತರ ಇನ್ನೊಂದು ಸಾಲು: ತಂಡಕ್ಕೆ ಏನಾಯಿತೆಂದಲ್ಲ, ನನಗೆ ಏನಾಯಿತೆಂದು. ಯಾರ ಮೇಲೆ ರೇಗಿದೆ, ಬಾಯಿಂದ ಯಾವ ಮಾತು ಬಂತು, ಸೋಲಿನ ನಂತರ ಮನೆಯವರು ಕೇಳಿದ ಸಾಮಾನ್ಯ ಪ್ರಶ್ನೆಗೆ ಯಾವ ಸ್ವರದಲ್ಲಿ ಉತ್ತರಿಸಿದೆ. ಆ ಒಂದು ಗಂಟೆಯಲ್ಲಿ ಫೋನ್ ಮುಟ್ಟುವುದಿಲ್ಲ. ನನ್ನ ಅನುಭವದಲ್ಲಿ ಪಾಪದ ಹೆಚ್ಚಿನ ಭಾಗ ತೊಂಬತ್ತು ನಿಮಿಷಗಳಲ್ಲಿ ನಡೆಯುವುದಿಲ್ಲ. ಅದು ನಡೆಯುವುದು ಪಂದ್ಯ ಮುಗಿದ ಮೇಲಿನ ಈ ಗಂಟೆಯಲ್ಲಿ, ಸೋಲಿಗೆ ಒಬ್ಬ ಹೊಣೆಗಾರನನ್ನು ಹುಡುಕುತ್ತಾ ನಮ್ಮಂತೆಯೇ ಸಿಟ್ಟಾಗಿರುವ ನೂರು ಜನರ ಮಾತುಗಳನ್ನು ಓದುವಾಗ. ಮೊದಲ ಎರಡು ತಿಂಗಳ ಪುಟಗಳನ್ನು ತಿರುವಿ ನೋಡಿದರೆ ರೆಫರಿಯ ಹೆಸರಿಲ್ಲದ ಪುಟವೇ ಇರಲಿಲ್ಲ. ಮರುವರ್ಷದ ಲೆಂಟ್‌ನಲ್ಲಿ ನಾನು ಆಟವನ್ನು ಬಿಡಲಿಲ್ಲ, ರೆಫರಿಯನ್ನು ಬೈಯುವುದನ್ನು ಬಿಟ್ಟೆ. ಭಾನುವಾರಗಳಿಗೂ ವಿನಾಯಿತಿ ಕೊಡಲಿಲ್ಲ. ಹಿಂದಿನ ವರ್ಷದ ನಲವತ್ತು ದಿನಗಳಿಗಿಂತ ಇವು ಎಷ್ಟೋ ಪಾಲು ಉದ್ದವಾಗಿದ್ದವು.

ಆ ಋತುವಿನಲ್ಲಿ, 2023ರ ನವೆಂಬರ್ 17ರಂದು, ಲೀಗ್‌ನ ಸ್ವತಂತ್ರ ಆಯೋಗ ಎವರ್ಟನ್‌ನ ಹತ್ತು ಅಂಕಗಳನ್ನು ಕಿತ್ತುಕೊಂಡಿತು. ಮೂರು ವರ್ಷಗಳ ಅವಧಿಗೆ 10.5 ಕೋಟಿ ಪೌಂಡ್‌ಗಳ ನಷ್ಟವನ್ನು ಲೀಗ್‌ನ ಆಗಿನ ಹಣಕಾಸು ನಿಯಮ ಸಹಿಸುತ್ತಿತ್ತು. ಕ್ಲಬ್ಬಿನ ನಷ್ಟ 12.45 ಕೋಟಿ ಎಂದು ತೀರ್ಮಾನವಾಯಿತು. ಶಿಕ್ಷೆ ವಿಪರೀತ ಕಠಿಣವಾಯಿತೆಂದು ಅಭಿಮಾನಿಗಳೆಲ್ಲ ಸಿಡಿದೆದ್ದರು, ನಾನೂ ಸಿಡಿದೆದ್ದೆ, ಮೇಲ್ಮನವಿಯ ನಂತರ ಫೆಬ್ರವರಿಯಲ್ಲಿ ಅದು ಆರು ಅಂಕಗಳಿಗೆ ಇಳಿದಾಗ ನಮ್ಮ ಮಾತೇ ನಿಜವಾಯಿತೆಂದು ಬೀಗಿದೆ. ಆದರೆ ನೋಟ್‌ಬುಕ್ಕಿನಲ್ಲಿ ಬರೆಯಲು ಕುಳಿತಾಗ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು: ಕ್ಲಬ್ಬು ತಪ್ಪು ಮಾಡಿತ್ತು. ಶಿಕ್ಷೆಯ ಪ್ರಮಾಣದ ಬಗ್ಗೆ ಗಂಟೆಗಟ್ಟಲೆ ವಾದಿಸಬಲ್ಲ ನಾನು ತಪ್ಪಿನ ಬಗ್ಗೆ ಒಂದು ವಾಕ್ಯವನ್ನೂ ಆಡಿರಲಿಲ್ಲ. ಪ್ರತಿ ಭಾನುವಾರ ಸಭೆಯೊಂದಿಗೆ ಪಾಪದ ಅರಿಕೆಯನ್ನು ಬಹುವಚನದಲ್ಲಿ ಹೇಳುತ್ತೇವೆ, 'ನಾವು ಪಾಪ ಮಾಡಿದ್ದೇವೆ' ಎನ್ನುತ್ತೇವೆ. ಆ 'ನಾವು' ಎಂಬುದು ನನ್ನ ಬಾಯಲ್ಲಿ ಬಹುಕಾಲದಿಂದ ಯಾರನ್ನೂ ಸೂಚಿಸದ ಪದವಾಗಿತ್ತು. ಗೆದ್ದಾಗ 'ನಾವು ಗೆದ್ದೆವು' ಎನ್ನುವವನು, ಒಂದು ಪೌಂಡನ್ನೂ ಖರ್ಚು ಮಾಡದಿದ್ದರೂ, 'ನಾವು ಮಿತಿ ಮೀರಿದೆವು' ಎನ್ನಲು ಸಿದ್ಧನಿರಬೇಕಲ್ಲವೇ ಎಂದು ಅಂದು ಬರೆದೆ. ಏಪ್ರಿಲ್‌ನಲ್ಲಿ ಇನ್ನೂ ಎರಡು ಅಂಕಗಳು ಹೋದಾಗ ಈ ಪಾಠ ಅರ್ಧ ಮರೆತುಹೋಗಿತ್ತು ಎಂಬುದನ್ನೂ ಅದೇ ಪುಟಗಳು ಹೇಳುತ್ತವೆ.

ಸೋಲನ್ನು ಪ್ರಾರ್ಥನೆಯೊಳಗೆ ತರುವುದನ್ನು ಮಾತ್ರ ನಾನು ಬಿಡಲಿಲ್ಲ, ನಿಜವಾಗಿ ಅದನ್ನು ಆಗಲೇ ಕಲಿತೆ. ಇನ್ನೆಷ್ಟು ಕಾಲ ನನ್ನನ್ನು ಮರೆತಿರುವೆ ಎಂದು ದೇವರನ್ನೇ ಕೇಳುವ ಹದಿಮೂರನೆಯ ಕೀರ್ತನೆಯನ್ನು ಫುಟ್‌ಬಾಲ್ ಸೋಲಿಗೆ ಬಳಸುವುದು ಅತಿರೇಕವೆಂದು ಮೊದಲು ನನಗೂ ಅನಿಸಿತ್ತು. ಜನರು ಮಕ್ಕಳನ್ನು ಕಳೆದುಕೊಂಡಾಗ ಓದುವ ಪದಗಳವು. ಎವರ್ಟನ್ ಕೊನೆಯದಾಗಿ ಲೀಗ್ ಗೆದ್ದದ್ದು 1987ರಲ್ಲಿ, ಕೊನೆಯ ದೊಡ್ಡ ಟ್ರೋಫಿಯಾದ ಎಫ್‌ಎ ಕಪ್ ಬಂದದ್ದು 1995ರಲ್ಲಿ ಎಂಬ ದುಃಖವನ್ನು ಅವುಗಳ ಪಕ್ಕದಲ್ಲಿ ಇಡಲು ಸಂಕೋಚವಾಗುತ್ತದೆ. ಆದರೂ ಚಿಕ್ಕ ದುಃಖವನ್ನು ದೇವರ ಮುಂದೆ ಇಡಲು ನಾಚಿದವನು ಅದನ್ನು ಬೇರೆಲ್ಲಿಯಾದರೂ ಇಟ್ಟೇ ಇಡುತ್ತಾನೆ, ಹೆಚ್ಚಾಗಿ ಮನೆಯವರ ಮೇಲೆ. ಸೋತ ರಾತ್ರಿ ಆ ಕೀರ್ತನೆಯ ಆರು ವಚನಗಳನ್ನು ಗಟ್ಟಿಯಾಗಿ ಓದಿ ಮಲಗತೊಡಗಿದೆ. ಕೆಲವು ತಿಂಗಳುಗಳ ನಂತರ ಹತ್ತಿರದ ಬಂಧುವೊಬ್ಬರ ಸಾವು ಬಂದಾಗ, ಆ ಪದಗಳು ಬಾಯಿಗೆ ಅಪರಿಚಿತವಾಗಿರಲಿಲ್ಲ.

ಎದುರಾಳಿಗಳ ವಿಷಯದಲ್ಲಿ ನನ್ನ ಸಾಧನೆ ಇನ್ನೂ ಕಡಿಮೆ. ಎವರ್ಟನ್ ಅಭಿಮಾನಿಗೆ ಎದುರಾಳಿ ಎಂದರೆ ಅದೇ ನಗರದ ಲಿವರ್‌ಪೂಲ್ ಕ್ಲಬ್ಬು. ಗುಡಿಸನ್ ಪಾರ್ಕ್‌ಗೂ ಅವರ ಆನ್‌ಫೀಲ್ಡ್‌ಗೂ ನಡುವೆ ಸ್ಟ್ಯಾನ್ಲಿ ಪಾರ್ಕ್ ಎಂಬ ಒಂದು ಉದ್ಯಾನ ಮಾತ್ರ ಇದೆ. ಮೊದಲು ಆನ್‌ಫೀಲ್ಡ್‌ನಲ್ಲಿ ಆಡುತ್ತಿದ್ದವರು ಎವರ್ಟನ್ನರೇ. ಬಾಡಿಗೆ ಮತ್ತು ಜಾಗದ ವಿಚಾರವಾಗಿ, ಬಿಯರ್ ತಯಾರಕನಾಗಿದ್ದ ಅಧ್ಯಕ್ಷ ಜಾನ್ ಹೋಲ್ಡಿಂಗ್‌ಗೂ ಉಳಿದವರಿಗೂ ಜಗಳವಾಗಿ, ಚಾಪೆಲ್‌ನಲ್ಲಿ ಆರ್ಗನ್ ನುಡಿಸುತ್ತಿದ್ದ ಜಾರ್ಜ್ ಮಹೋನ್ ಮುಂದಾಳತ್ವದಲ್ಲಿ ಹೆಚ್ಚಿನವರು 1892ರಲ್ಲಿ ಗುಡಿಸನ್‌ಗೆ ಹೊರಟುಹೋದರು. ಖಾಲಿಯಾದ ಮೈದಾನಕ್ಕಾಗಿ ಹೋಲ್ಡಿಂಗ್ ಹೊಸ ಕ್ಲಬ್ಬನ್ನು ಹುಟ್ಟುಹಾಕಿದ. ಕಟ್ಟಡದ ವಿಷಯಕ್ಕೆ ಸಭೆ ಒಡೆದು ಎದುರು ಬೀದಿಯಲ್ಲಿ ಇನ್ನೊಂದು ಸಭೆ ಏಳುವುದನ್ನು ನೋಡಿರುವ ಯಾವ ಕ್ರೈಸ್ತನಿಗೂ ಈ ಕಥೆ ಹೊಸದೆನಿಸದು. ನಿನ್ನ ಶತ್ರು ಬಿದ್ದಾಗ ಹಿಗ್ಗಬೇಡ ಎನ್ನುವ ಜ್ಞಾನೋಕ್ತಿ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿದೆ. ಲಿವರ್‌ಪೂಲ್ ಸೋತ ರಾತ್ರಿಗಳಲ್ಲಿ ನಾನು ಆ ಅಧ್ಯಾಯವನ್ನು ತೆರೆಯುವುದಿಲ್ಲ. ಇದನ್ನು ತಮಾಷೆಗೆ ಬರೆಯುತ್ತಿಲ್ಲ. ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಬದಲಾದ ಸಾಲು ಇದೇ.

ನನ್ನನ್ನು ಸ್ವಲ್ಪವಾದರೂ ಸರಿಸಿದ್ದು 1989ರ ಒಂದು ಘಟನೆ. ಆ ವರ್ಷದ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೊ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಜನಸಂದಣಿಯಲ್ಲಿ ನಲುಗಿದರು. ಸತ್ತವರ ಸಂಖ್ಯೆ ಕೊನೆಗೆ 97 ಎಂದು ದಾಖಲಾಯಿತು. ಒಂದು ವಾರದ ನಂತರ ಎರಡೂ ಕಡೆಯವರು ಕೆಂಪು ಮತ್ತು ನೀಲಿ ಸ್ಕಾರ್ಫ್‌ಗಳನ್ನು ಒಂದಕ್ಕೊಂದು ಗಂಟು ಹಾಕುತ್ತಾ, ಗುಡಿಸನ್‌ನಿಂದ ಆನ್‌ಫೀಲ್ಡ್‌ವರೆಗೆ, ಆ ಉದ್ಯಾನದ ಉದ್ದಕ್ಕೂ ಒಂದು ಸರಪಳಿ ಹೆಣೆದರು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯಲ್ಲಿ ನೆರೆಯವನು ಯಾರು ಎಂದು ಕೇಳಿದ ನ್ಯಾಯಶಾಸ್ತ್ರಿಗೆ ಯೇಸು ಹೇಳಿದ, ಗಾಯಗೊಂಡು ದಾರಿಯಲ್ಲಿ ಬಿದ್ದ ಅನ್ಯಕುಲದವನನ್ನು ಉಪಚರಿಸಿದ ಸಮಾರ್ಯದವನ ಕಥೆಯನ್ನು ಬೋಧಿಸುವ ಸರದಿ ಬಂದಾಗಲೆಲ್ಲ ನಾನು ಈಗ ಆ ಗಂಟುಗಳನ್ನು ನೆನೆಯುತ್ತೇನೆ. ನಂಬಿಕೆಯೇ ಜರ್ಸಿಯಾದಾಗ ಏನಾಗುತ್ತದೆಂಬುದಕ್ಕೂ ಫುಟ್‌ಬಾಲ್‌ನಲ್ಲೇ ಉದಾಹರಣೆ ಇದೆ. ಗ್ಲಾಸ್ಗೋ ನಗರದಲ್ಲಿ ಬಡ ಮಕ್ಕಳ ಊಟಕ್ಕೆ ಹಣ ಕೂಡಿಸಲು ಮಾರಿಸ್ಟ್ ಎಂಬ ಕ್ಯಾಥೊಲಿಕ್ ಸಂಘದ ಸಹೋದರ ವಾಲ್ಫ್ರಿಡ್ 1887ರಲ್ಲಿ ಸೆಲ್ಟಿಕ್ ಕ್ಲಬ್ಬನ್ನು ಕಟ್ಟಿದರು. ಬರುಬರುತ್ತಾ ಸೆಲ್ಟಿಕ್ ಎಂದರೆ ಕ್ಯಾಥೊಲಿಕ್, ಅದೇ ನಗರದ ರೇಂಜರ್ಸ್ ಎಂದರೆ ಪ್ರಾಟೆಸ್ಟೆಂಟ್ ಎಂದಾಗಿ, 1989ರಲ್ಲಿ ಮೊ ಜಾನ್‌ಸ್ಟನ್ ಎಂಬ ಕ್ಯಾಥೊಲಿಕ್ ಆಟಗಾರ ರೇಂಜರ್ಸ್ ಸೇರಿದಾಗ ಅವರದೇ ಕೆಲವು ಅಭಿಮಾನಿಗಳು ಸ್ಕಾರ್ಫ್‌ಗಳನ್ನು ಸುಟ್ಟರು. ಅದೇ ವರ್ಷ ಒಂದು ನಗರದಲ್ಲಿ ಸ್ಕಾರ್ಫ್‌ಗಳನ್ನು ಗಂಟು ಹಾಕಿದರು, ಇನ್ನೊಂದರಲ್ಲಿ ಸುಟ್ಟರು. ಶಿಲುಬೆಯ ಹೆಸರು ಕೇಳಿಬರುತ್ತಿದ್ದದ್ದು ಸುಟ್ಟ ಕಡೆಯಲ್ಲಿ.

ಬೋಧಕರು ಆಟದ ಬಗ್ಗೆ ಮಾತನಾಡಿದಾಗ ಸಾಮಾನ್ಯವಾಗಿ ಅಪೊಸ್ತಲ ಪೌಲನು ಬರೆದ ಓಟಗಾರನ ಹೋಲಿಕೆಯನ್ನು ತರುತ್ತಾರೆ. ಅವನ ಪತ್ರಿಕೆ ತಲುಪಿದ ಗ್ರೀಕ್ ನಗರ ಕೊರಿಂಥದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತಮಿಯ ಕ್ರೀಡಾಕೂಟ ನಡೆಯುತ್ತಿತ್ತು, ಅಲ್ಲಿ ಗೆದ್ದವನಿಗೆ ಕೊಡುತ್ತಿದ್ದದ್ದು ಎಲೆಯ ಮಾಲೆ. ಬಾಡಿಹೋಗುವ ಮಾಲೆಗಾಗಿ ಅವರು ಅಷ್ಟು ಕಷ್ಟಪಡುವಾಗ ಬಾಡದ ಮಾಲೆಗಾಗಿ ನಾವೆಷ್ಟು ಪಡಬೇಕು ಎಂಬ ಪೌಲನ ಮಾತು ಕೊರಿಂಥದವರಿಗೆ ಕಣ್ಣಿಗೆ ಕಟ್ಟಿರಬೇಕು. ನನಗೆ ಮಾತ್ರ ಈ ಹೋಲಿಕೆ ಬಹಳ ಕಾಲ ಹೊಂದಲಿಲ್ಲ. ನಾನು ಓಡುವವನಲ್ಲ, ಕುಳಿತು ನೋಡುವವನು. ಅಭಿಮಾನಿಯ ಕುರಿತು ಪೌಲ ಒಂದು ಮಾತನ್ನೂ ಬರೆದಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯವನ್ನು ಒಂದು ಸೋಮವಾರ ಬೆಳಿಗ್ಗೆ, ಹಿಂದಿನ ದಿನದ ಸೋಲಿನ ಭಾರದಲ್ಲೇ ಓದುವಾಗ, ಆ ಚಿತ್ರದಲ್ಲಿ ಸ್ಥಾನಗಳು ತಿರುಗಿರುವುದು ಕಂಡಿತು: ಅಲ್ಲಿ ಸುತ್ತಲಿನ ಗ್ಯಾಲರಿಯಲ್ಲಿ ಮೇಘದಂತೆ ತುಂಬಿರುವವರು ನಮಗಿಂತ ಮೊದಲು ಓಟ ಮುಗಿಸಿದ ವಿಶ್ವಾಸಿಗಳು, ಮೈದಾನದಲ್ಲಿರುವುದು ಓದುಗನು. ವಾರಕ್ಕೆ ಎರಡು ಗಂಟೆ ಬೇರೆಯವರ ಓಟವನ್ನು ನೋಡುವವನನ್ನು ಉಳಿದ ದಿನಗಳಲ್ಲಿ ಯಾರೋ ನೋಡುತ್ತಿದ್ದಾರೆ ಎಂಬುದು, ಅದರಲ್ಲೂ ಅವರು ನಾನು ಎಡವಿದಾಗ ನಾನು ನಮ್ಮ ಗೋಲ್‌ಕೀಪರ್‌ಗೆ ಆಡುವಂಥ ಮಾತುಗಳನ್ನು ಆಡುತ್ತಿಲ್ಲ ಎಂಬುದು, ನನ್ನನ್ನು ಸಾಕಷ್ಟು ಕಾಲ ಸುಮ್ಮನೆ ಕೂರಿಸಿತು.

ಭಾನುವಾರದ ವಿಷಯವನ್ನು ಒಂದೆರಡು ಮಾತಿನಲ್ಲಿ ಮುಗಿಸಬಹುದು. ಶನಿವಾರದ ಪಂದ್ಯ ತಡವಾಗಿದ್ದರೆ ನೋಡುವುದಿಲ್ಲ, ಭಾನುವಾರ ಆರಾಧನೆ ಮುಗಿಯುವವರೆಗೆ ಫಲಿತಾಂಶ ಕೇಳುವುದಿಲ್ಲ. ಸಭೆಯಲ್ಲಿ ಇನ್ನೊಬ್ಬ ಫುಟ್‌ಬಾಲ್ ಹುಚ್ಚರಿದ್ದಾರೆ. ಬಾಗಿಲಲ್ಲೇ ಅವರ ಮುಖ ನೋಡಿ ಫಲಿತಾಂಶ ತಿಳಿದುಹೋಗುವುದರಿಂದ, ಈಗ ಅವರು ನನ್ನನ್ನು ಕಂಡೊಡನೆ ಮುಖ ತಿರುಗಿಸಿ ಕೈ ಕುಲುಕುತ್ತಾರೆ.

2025ರ ಮೇ 18ರಂದು ಗುಡಿಸನ್ ಪಾರ್ಕ್‌ನಲ್ಲಿ ಎವರ್ಟನ್ ಪುರುಷರ ತಂಡದ ಕೊನೆಯ ಪಂದ್ಯ ನಡೆಯಿತು. ಬ್ರಾಮ್ಲಿ-ಮೂರ್ ಡಾಕ್ ಬಳಿಯ ಹೊಸ ಮೈದಾನಕ್ಕೆ ತಂಡ ಹೊರಡಲಿತ್ತು, ಹಳೆಯದು ಮಹಿಳಾ ತಂಡದ ಮನೆಯಾಗಲಿತ್ತು. ಗುಡಿಸನ್‌ನ ಒಂದು ಮೂಲೆಯಲ್ಲಿ, ಎರಡು ಗ್ಯಾಲರಿಗಳ ನಡುವೆ ಸೇರಿಕೊಂಡಂತೆ, ಸಂತ ಲೂಕನ ಚರ್ಚ್ ನಿಂತಿದೆ. ಮೈದಾನದ ಅಂಚಿನ ಮಣ್ಣಿನಲ್ಲಿ ನೂರಾರು ಅಭಿಮಾನಿಗಳ ಚಿತಾಭಸ್ಮವಿದೆ. ಆ ಭಸ್ಮದ ವಿಷಯವನ್ನು ಮೊದಲು ಓದಿದಾಗ ಅದು ವಿಗ್ರಹಾರಾಧನೆಯ ಪರಮಾವಧಿ ಎಂದು ತೀರ್ಪು ಕೊಟ್ಟಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ತನ್ನವರೊಂದಿಗೆ ಮಣ್ಣಾಗಬೇಕು ಎಂಬ ಆಸೆಯಿಂದಲೇ ನಮ್ಮ ಹಿರಿಯರೂ ಚರ್ಚಿನ ಅಂಗಳದಲ್ಲಿ ಜಾಗ ಕೇಳಿದ್ದರು, ಎಲ್ಲರೂ ಪುನರುತ್ಥಾನದ ಸಿದ್ಧಾಂತವನ್ನು ಅರಿತೇ ಕೇಳಿರಲಿಲ್ಲ.

ಅಂದಿನ ಎದುರಾಳಿ ಸೌತಾಂಪ್ಟನ್. ಅದು 1885ರಲ್ಲಿ ಸಂತ ಮರಿಯಳ ಚರ್ಚಿನ ಯುವಕರ ಸಂಘದಿಂದ ಹುಟ್ಟಿದ ಕ್ಲಬ್ಬು, ಅವರನ್ನು ಇಂದಿಗೂ 'ಸಂತರು' ಎಂದೇ ಕರೆಯುತ್ತಾರೆ. ಆ ಋತುವಿನಲ್ಲಿ ಅವರು ಆಗಲೇ ಕೆಳಗಿನ ದರ್ಜೆಗೆ ಇಳಿದಾಗಿತ್ತು. ಎರಡು ಚರ್ಚುಗಳ ಹುಡುಗರು ಕಟ್ಟಿದ ಎರಡು ತಂಡಗಳು ಒಂದು ಚರ್ಚಿನ ನೆರಳಲ್ಲಿ ಭಾನುವಾರ ಎದುರಾದವು. ಆರಾಧನೆ ಮುಗಿಸಿ ಬಂದು, ಪಂದ್ಯಕ್ಕೆ ಮುಂಚೆ ಕರ್ತನ ಪ್ರಾರ್ಥನೆ ಹೇಳಿಕೊಂಡು, ಇಳಿದುಹೋದ ಸೌತಾಂಪ್ಟನ್ನಿನ ಅಭಿಮಾನಿಗಳನ್ನೂ, ಎರಡು ವರ್ಷಗಳ ಹಿಂದೆ ಕೈ ಜೋಡಿಸಿ ನಿಂತಿದ್ದ ಲೆಸ್ಟರ್‌ನ ಆ ವೃದ್ಧರನ್ನೂ ನೆನೆದೆ. ನಮ್ಮ ಎನ್‌ಡಿಯಾಯ್ ಎರಡು ಗೋಲು ಹೊಡೆದರು, 2–0. ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಒಂದು ಗಂಟೆ ಕಾದು ನೋಟ್‌ಬುಕ್ ತೆರೆದೆ. ಪಂದ್ಯಕ್ಕೆ ಮುಂಚಿನ ಸಾಲಿನಲ್ಲಿ 'ಗೆದ್ದು ಹೊರಡಬೇಕು' ಎಂದು ಬರೆದಿತ್ತು. ಅದರ ಕೆಳಗೆ ನಂತರದ ಸಾಲನ್ನು ಬರೆದೆ: 'ಒಮ್ಮೆ ಅತ್ತೆ. ಮನೆಯವರ ಮೇಲೆ ರೇಗಲಿಲ್ಲ. ರೆಫರಿಯನ್ನು ಬೈದದ್ದು ಒಂದೇ ಬಾರಿ.'